ಪದಚರ್ಚೆ: ‘ಫ್ರಾನ್ಸಿನ ದೊರೆ’ಯೋ, ‘ಫ್ರೆಂಚರ ದೊರೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಗೆಳೆಯರ ಗುಂಪೊಂದು ತರುವ ಪುಟ್ಟ ಪತ್ರಿಕೆಗೆ ಹೋದ ತಿಂಗಳು ಒಂದು ಲೇಖನ ಬರೆದುಕೊಟ್ಟೆ. 1830ರಿಂದ 1848ರವರೆಗೆ ಆಳಿದ ಲೂಯಿ ಫಿಲಿಪ್ ಬಗ್ಗೆ. ತಲೆಬರಹ ‘ಫ್ರೆಂಚರ ಕೊನೆಯ ದೊರೆ’ ಅಂತ ಇಟ್ಟಿದ್ದೆ. ಅಚ್ಚಾಗಿ ಕೈಗೆ ಬಂದಾಗ ನೋಡಿದರೆ ‘ಫ್ರಾನ್ಸಿನ ಕೊನೆಯ ದೊರೆ’ ಆಗಿದೆ. ಕರಡು ತಿದ್ದಿದವರನ್ನು ಕೇಳಿದೆ. ‘ಎರಡೂ ಒಂದೇ ಅಲ್ವಾ? ಇದು ಓದೋಕೆ ಸಲೀಸು’ ಅಂದರು. ಅವರನ್ನು ದೂರುವಂತಿಲ್ಲ. ನಮ್ಮ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಆದರೆ ಆ ಒಂದು ತಿದ್ದುಪಡಿಯಿಂದ ತಲೆಬರಹವೇ ಸುಳ್ಳಾಯಿತು. ‘ಫ್ರಾನ್ಸಿನ ದೊರೆ’ ಅನ್ನೋ ಬಿರುದಿನಲ್ಲಿ ಕೊನೆಗೆ ಆಳಿದವನು ಲೂಯಿ ಫಿಲಿಪ್ ಅಲ್ಲ, ಅವನಿಗಿಂತ ಮುಂಚಿನ ಹತ್ತನೇ ಚಾರ್ಲ್ಸ್.

ಹಾಗಾಗಿ ಈ ಓಲೆ. ಪ್ರಶ್ನೆ ಒಂದೇ ಅಂದುಕೊಂಡು ಬರೆಯಲು ಕೂತೆ. ಬರೀತಾ ಬರೀತಾ ಬಾಲ ಬೆಳೆಯಿತು. ಸ್ವಲ್ಪ ತಾಳ್ಮೆ ಇರಲಿ.

ಮೊದಲು ಬಿರುದಿನ ಕಥೆ. ಫ್ರಾನ್ಸಿನಲ್ಲಿ ಹಳೆಯ ಕಾಲದ ಅರಸರು ತಮ್ಮನ್ನು ‘ಫ್ರಾನ್ಸ್ ಮತ್ತು ನವಾರದ ದೊರೆ’ ಅಂತ ಕರೆದುಕೊಳ್ಳುತ್ತಿದ್ದರು. ನವಾರ ಅಂದರೆ ಪಕ್ಕದ ಒಂದು ಸಣ್ಣ ರಾಜ್ಯ. ನೆಲದ ಹೆಸರು, ಅದರ ಒಡೆಯ. ದೇವರು ಕೊಟ್ಟ ಆಸ್ತಿ, ಅಪ್ಪನಿಂದ ಮಗನಿಗೆ ಬರುತ್ತದೆ. ಕ್ರಾಂತಿ ಬಂದಾಗ ಜನ ಇದನ್ನೇ ಹಿಡಿದುಕೊಂಡರು. 1791ರ ಸಂವಿಧಾನದಲ್ಲಿ ಹದಿನಾರನೇ ಲೂಯಿ ‘ಫ್ರೆಂಚರ ದೊರೆ’ ಆದ. ನೆಲ ಅವನದಲ್ಲ, ಜನ ಒಪ್ಪಿದ್ದಕ್ಕೆ ಅವನು ದೊರೆ ಅಂತ ಅರ್ಥ. ಆಮೇಲೆ ಆ ಜನವೇ ಅವನ ತಲೆ ತೆಗೆದರು, ಅದು ಬೇರೆ ಮಾತು. 1804ರಲ್ಲಿ ನೆಪೋಲಿಯನ್ ಕೂಡ ‘ಫ್ರೆಂಚರ ಚಕ್ರವರ್ತಿ’ ಅಂತಲೇ ಕರೆಸಿಕೊಂಡ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದು ಸುಮ್ನೆ ‘ಫ್ರಾನ್ಸಿನ ಚಕ್ರವರ್ತಿ’ ಆಗಿಬಿಡುತ್ತದೆ. 1814ರಲ್ಲಿ ಹಳೆಯ ಮನೆತನ ವಾಪಸ್ ಬಂತು. ಹದಿನೆಂಟನೇ ಲೂಯಿ, ಅವನ ತಮ್ಮ ಹತ್ತನೇ ಚಾರ್ಲ್ಸ್ ಇಬ್ಬರೂ ಮತ್ತೆ ‘ಫ್ರಾನ್ಸ್ ಮತ್ತು ನವಾರದ ದೊರೆ’ಗಳಾದರು. 1830ರ ಜುಲೈ 27, 28, 29 ಮೂರು ದಿನ ಪ್ಯಾರಿಸ್ಸಿನ ಬೀದಿಗಳಲ್ಲಿ ಗುಂಡು ಹಾರಿತು. ಚಾರ್ಲ್ಸ್ ಓಡಬೇಕಾಯಿತು. ಆಗ ಪಟ್ಟಕ್ಕೆ ಬಂದವನು ಅದೇ ಮನೆತನದ ಕಿರಿಯ ಕವಲಿನ ಲೂಯಿ ಫಿಲಿಪ್, ಓರ್ಲಿಯನ್ಸ್‌ನ ಡ್ಯೂಕ್. ಅವನು ಮತ್ತೆ ‘ಫ್ರೆಂಚರ ದೊರೆ’ ಆದ. ಅಂದರೆ ನಲವತ್ತು ವರ್ಷದಲ್ಲಿ ಆ ಪ್ರತ್ಯಯ ಎಷ್ಟು ಸಲ ಆ ಕಡೆ ಈ ಕಡೆ ಹೊರಳಿತು ನೋಡಿ. ಪ್ರತಿ ಸಲ ಹೊರಳಿದಾಗಲೂ ಒಂದಷ್ಟು ಜನ ಸತ್ತರು.

ಅವನ ಹೆಸರಲ್ಲೂ ಇದೇ ಲೆಕ್ಕಾಚಾರ. ಹಳೆಯ ಸಾಲಿನಲ್ಲಿ ನಿಂತಿದ್ದರೆ ‘ಏಳನೇ ಫಿಲಿಪ್’ ಆಗಬಹುದಿತ್ತು. ಬೇಡ ಅಂದ. ‘ಮೊದಲನೇ ಲೂಯಿ ಫಿಲಿಪ್’ ಅಂತ ಹೊಸ ಎಣಿಕೆ ಶುರು ಮಾಡಿದ. ಎಣಿಕೆ ಒಂದರಲ್ಲೇ ನಿಂತಿತು.

ಈಗ ನನ್ನ ಮೊದಲ ಪ್ರಶ್ನೆ. ಕನ್ನಡದ ಷಷ್ಠಿಯಲ್ಲಿ ಈ ವ್ಯತ್ಯಾಸ ಇದೆಯೋ ಇಲ್ಲವೋ? ವ್ಯಾಕರಣದಲ್ಲಿ ಇದೆ: ‘ಫ್ರಾನ್ಸಿನ’, ‘ಫ್ರೆಂಚರ’. ಬಳಕೆಯಲ್ಲಿ? ನಾವು ಮೈಸೂರಿನ ಅರಸರು ಅನ್ನುತ್ತೇವೆ, ಕೆಳದಿಯ ನಾಯಕರು, ಚಿತ್ರದುರ್ಗದ ಪಾಳೆಯಗಾರರು ಅನ್ನುತ್ತೇವೆ. ‘ಮೈಸೂರಿಗರ ಅರಸ’ ಅಂತ ಯಾರೂ ಹೇಳುವುದಿಲ್ಲ. ಆದರೆ ‘ಬೇಡರ ದೊರೆ’, ‘ಯಾದವರ ದೊರೆ’ ಅನ್ನುತ್ತೇವೆ. ಅಲ್ಲಿ ಒಂದು ಕಿವಿಮಾತು ಅಡಗಿದೆ: ದೊರೆಯೂ ಆ ಕುಲದವನೇ. ಬೇಡರ ದೊರೆ ತಾನೂ ಬೇಡ. ಲೂಯಿ ಫಿಲಿಪ್‌ಗೆ ಬೇಕಾಗಿದ್ದು ಇದೇ ಧ್ವನಿ. ‘ನಾನು ನಿಮ್ಮವನು’ ಅನ್ನೋದು. ಹಾಗೆ ನೋಡಿದರೆ ಕನ್ನಡ ಇಲ್ಲಿ ಬಡವಾಗಿಲ್ಲ. ಓದುವವರಿಗೆ ಅದು ಕಿವಿಗೆ ಬೀಳುವುದಿಲ್ಲ ಅಷ್ಟೆ.

ಹಳೆಯ ಪದಗಳ ಪೆಟ್ಟಿಗೆ ತೆಗೆದರೆ ಇನ್ನೂ ಮಜಾ ಇದೆ. ಅರಸ ಅನ್ನೋದಕ್ಕೆ ಸಂಸ್ಕೃತದಿಂದ ನಾವು ತಂದುಕೊಂಡ ಪದಗಳನ್ನು ಎರಡು ರಾಶಿ ಹಾಕಿ ನೋಡಿ. ಒಂದರಲ್ಲಿ ಭೂಪ, ಭೂಪತಿ, ಮಹೀಪಾಲ, ಧರಣೀಶ. ಎಲ್ಲದರಲ್ಲೂ ನೆಲ. ಇನ್ನೊಂದರಲ್ಲಿ ನೃಪ, ನರಪತಿ, ನರೇಂದ್ರ, ಜನಪ. ಎಲ್ಲದರಲ್ಲೂ ಜನ. ‘ಫ್ರಾನ್ಸಿನ ದೊರೆ’ ಭೂಪ, ‘ಫ್ರೆಂಚರ ದೊರೆ’ ನೃಪ! ಯಾವ ಭಾಷೆಯಲ್ಲಿ ಇಷ್ಟು ಚೊಕ್ಕವಾಗಿ ಎರಡು ಪದ ಸಿಗುತ್ತವೆ ಹೇಳಿ. ಆದರೆ ನಮ್ಮ ಕವಿಗಳು ಏನು ಮಾಡಿದರು? ಪ್ರಾಸಕ್ಕೆ, ಮಾತ್ರೆಗೆ ಯಾವುದು ಕೂರುತ್ತದೋ ಅದನ್ನು ಹಾಕಿದರು. ಒಂದು ಸಾಲಿನಲ್ಲಿ ಭೂಪ ಆಗಿದ್ದವನು ಮುಂದಿನ ಸಾಲಿನಲ್ಲಿ ಜನಪ. ಸಾವಿರ ವರ್ಷ ಹೀಗೆ ಉಜ್ಜಿ ಉಜ್ಜಿ ಎರಡರ ಅಂಚೂ ಸವೆದುಹೋಯಿತು. ಚಾಲುಕ್ಯರ ‘ಪೃಥ್ವೀವಲ್ಲಭ’ ಬಿರುದಿನಲ್ಲಂತೂ ಅರಸ ನೆಲಕ್ಕೆ ಗಂಡನೇ. ಜನರ ಸುದ್ದಿಯೇ ಇಲ್ಲ. ವಿಜಯನಗರದ ಅರಸರಿಗೆ ‘ನರಪತಿ’ ಅನ್ನುತ್ತಿದ್ದರು ಅಂತ ಯಾರಾದರೂ ನೆನಪಿಸಬಹುದು. ಹೌದು, ಗಜಪತಿ, ಅಶ್ವಪತಿ, ನರಪತಿ ಅನ್ನೋ ಮೂರರ ಗುಂಪಿನಲ್ಲಿ ಅದು ಬರುತ್ತದೆ. ಆದರೆ ಅಲ್ಲಿ ನರ ಅಂದರೆ ಕಾಲಾಳು. ಆನೆ, ಕುದುರೆ, ಆಳು. ಮತ ಹಾಕೋ ನರ ಅಲ್ಲ.

ಅಂದಹಾಗೆ ಈ ಬಿರುದು ಇನ್ನೂ ಬದುಕಿದೆ, ಪಕ್ಕದ ಬೆಲ್ಜಿಯಂನಲ್ಲಿ. 1831ರಲ್ಲಿ ಪಟ್ಟಕ್ಕೆ ಬಂದ ಒಂದನೇ ಲಿಯೊಪೋಲ್ಡ್ ‘ಬೆಲ್ಜಿಯನ್ನರ ದೊರೆ’. ಮರುವರ್ಷ ಅವನು ಮದುವೆಯಾಗಿದ್ದು ಲೂಯಿ ಫಿಲಿಪ್‌ನ ಮಗಳು ಲೂಯಿಸ್‌ಳನ್ನ. ಮಾವ ಅಳಿಯ ಇಬ್ಬರಿಗೂ ಒಂದೇ ಥರದ ಬಿರುದು. ಇವತ್ತಿಗೂ ಅಲ್ಲಿನ ಅರಸನಿಗೆ ಅದೇ ಹೆಸರು. ನಮ್ಮ ಪತ್ರಿಕೆಗಳಲ್ಲಿ ಮಾತ್ರ ‘ಬೆಲ್ಜಿಯಂ ದೊರೆ’. ವಿಭಕ್ತಿಯೂ ಬೇಡ ಅಂತ ಬಿಟ್ಟೇಬಿಟ್ಟಿದ್ದಾರೆ.

ಎರಡನೆಯದು ‘ಪಟ್ಟಾಭಿಷೇಕ’. ನನ್ನ ಮೊದಲ ಕರಡಿನಲ್ಲಿ ‘1830ರ ಆಗಸ್ಟ್ 9ರಂದು ಪಟ್ಟಾಭಿಷೇಕವಾಯಿತು’ ಅಂತ ನಾನೇ ಬರೆದಿದ್ದೆ. ಆಮೇಲೆ ಹೊಳೆದು ನಾಚಿಕೆಯಾಯಿತು. ಅಭಿಷೇಕ ಅಂದರೆ ಮೈಮೇಲೆ ಸುರಿಯೋದು. ಹತ್ತನೇ ಚಾರ್ಲ್ಸ್‌ಗೆ ಆ ಪದ ಅಚ್ಚುಕಟ್ಟಾಗಿ ಒಪ್ಪುತ್ತದೆ. 1825ರಲ್ಲಿ ರೀಮ್ಸ್‌ನ ದೊಡ್ಡ ಚರ್ಚಿನಲ್ಲಿ ಅವನಿಗೆ ಪವಿತ್ರ ತೈಲ ಹಚ್ಚಿ ಹಳೆಯ ಪದ್ಧತಿ ಪ್ರಕಾರ ಎಲ್ಲ ಮಾಡಿದ್ದರು. ಲೂಯಿ ಫಿಲಿಪ್‌ಗೆ ಎಣ್ಣೆಯೂ ಇಲ್ಲ, ಚರ್ಚೂ ಇಲ್ಲ. ಜನಪ್ರತಿನಿಧಿಗಳ ಸಭೆಗೆ ಹೋದ, ಸಂವಿಧಾನದಂತೆ ನಡೆಯುತ್ತೇನೆ ಅಂತ ಆಣೆ ಮಾಡಿ ಸಹಿ ಹಾಕಿದ, ಆಮೇಲೆ ಸಿಂಹಾಸನದ ಮೇಲೆ ಕೂತ. ಇವತ್ತಿನ ಮಾತಲ್ಲಿ ಹೇಳಬೇಕಂದರೆ ಮುಖ್ಯಮಂತ್ರಿ ಪ್ರಮಾಣವಚನದ ಹಾಗೆ. ‘ಪಟ್ಟಕ್ಕೆ ಬಂದ’ ಅಂದರೆ ಸಾಕು ಅಂತ ನನ್ನ ಅಭಿಪ್ರಾಯ. ಪಟ್ಟಾಭಿಷೇಕ ಬರೆದರೆ ಅವನು ಬೇಡ ಅಂದಿದ್ದನ್ನೇ ನಾವು ತಲೆ ಮೇಲೆ ಸುರಿದ ಹಾಗಾಗುತ್ತದೆ.

ಸಂವಿಧಾನ ಅಂದೆ. ಅಲ್ಲಿನವರು ಬಳಸಿದ ಪದ ‘ಶಾರ್ತ್’. ಇದಕ್ಕೆ ‘ಸನ್ನದು’ ಅನ್ನೋ ಪದ ಸರಿಯಾಗಿ ಕೂರುತ್ತದೆ. 1814ರಲ್ಲಿ ಹದಿನೆಂಟನೇ ಲೂಯಿ ಕೊಟ್ಟ ಸನ್ನದಿಗೆ ಒಂದು ಮುನ್ನುಡಿ ಇತ್ತು. ನಾನು ಪ್ರಜೆಗಳಿಗೆ ಇದನ್ನು ಕೊಡುತ್ತಿದ್ದೇನೆ ಅನ್ನೋ ಧಾಟಿಯದು. ಇಲ್ಲಿ ‘ಕೊಟ್ಟ’ ಸಾಲದು, ‘ದಯಪಾಲಿಸಿದ’ ಬೇಕು. ಆ ಪದದಲ್ಲಿ ಮೇಲೆ ಕೂತವನ ಗತ್ತು, ಕೆಳಗೆ ನಿಂತವನ ಬಾಗಿದ ಬೆನ್ನು ಎರಡೂ ಕಾಣುತ್ತವೆ. 1830ರಲ್ಲಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ ಮುನ್ನುಡಿಯನ್ನೇ ಕಿತ್ತುಹಾಕಿದ್ದು. ಫ್ರೆಂಚರಿಗೆ ಹುಟ್ಟಿನಿಂದಲೇ ಸೇರಿದ್ದನ್ನು ದಾನ ಕೊಟ್ಟ ಹಾಗೆ ಬರೆದಿದೆ, ಅದು ಅವಮಾನ ಅಂದರು. ದಯಪಾಲಿಸಿದ ಸನ್ನದು ಒಪ್ಪಿಕೊಂಡ ಸನ್ನದಾಯಿತು. ತಮಾಷೆ ನೋಡಿ, ಫ್ರೆಂಚಿನಲ್ಲಿ ಆ ದಯಪಾಲಿಸುವ ಕ್ರಿಯಾಪದ ‘ಒಕ್ತ್ರುವಾಯೆ’. ನಮ್ಮ ಊರುಗಳ ಹೊರಗೆ ನಾಕಾ ಹಾಕಿ ಲಾರಿ ನಿಲ್ಲಿಸಿ ವಸೂಲು ಮಾಡುತ್ತಿದ್ದ ‘ಆಕ್ಟ್ರಾಯ್’ ಸುಂಕದ ಹೆಸರು ಅದೇ ಬೇರಿನಿಂದ ಬಂದದ್ದು. ಸುಂಕ ಎತ್ತುವ ಹಕ್ಕನ್ನು ಊರಿಗೆ ದಯಪಾಲಿಸುತ್ತಿದ್ದರಲ್ಲ, ಅದಕ್ಕೆ.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ. ಲೂಯಿ ಫಿಲಿಪ್‌ಗೆ ‘ರುವಾ ಸಿತುವಾಯೆಂ’ ಅಂತ ಅಡ್ಡಹೆಸರು. ಸಿಟಿಜನ್ ದೊರೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು?

‘ನಾಗರಿಕ ದೊರೆ’ ಅಂದು ನೋಡಿ. ಸಭ್ಯ, ಸುಸಂಸ್ಕೃತ ದೊರೆ ಅನ್ನಿಸುತ್ತದೆ. ಉಳಿದವರೆಲ್ಲ ಅನಾಗರಿಕರಾಗಿದ್ದರೇನೋ ಅಂತ. ‘ಹಿರಿಯ ನಾಗರಿಕ’, ‘ನಾಗರಿಕ ಸರಬರಾಜು’ ಇಲ್ಲೆಲ್ಲ ಆ ಪದ ಕೆಲಸ ಮಾಡುತ್ತದೆ. ದೊರೆಯ ಪಕ್ಕ ಇಟ್ಟ ತಕ್ಷಣ ಬಣ್ಣ ಬದಲಾಯಿಸುತ್ತದೆ. ಸರಿ, ‘ಪ್ರಜೆ’ ತಗೊಳ್ಳೋಣ ಅಂದರೆ ಅದು ಇನ್ನೂ ಕಷ್ಟ. ಪ್ರಜೆ ಅನ್ನೋದು ನಮ್ಮಲ್ಲಿ ರಾಜನ ಎದುರು ಪದ. ರಾಜ–ಪ್ರಜೆ, ಯಜಮಾನ–ಆಳು ಇದ್ದ ಹಾಗೆ. ಸಂಸ್ಕೃತದಲ್ಲಂತೂ ಅದರ ಮೂಲ ಅರ್ಥ ಸಂತಾನ, ಮಕ್ಕಳು. ರಾಜ ಅಪ್ಪ, ಪ್ರಜೆ ಮಗು. ಫ್ರೆಂಚರು ಕ್ರಾಂತಿಯಲ್ಲಿ ‘ಸುಜೆ’ ಅನ್ನೋ ಪದ ಎಸೆದು ‘ಸಿತುವಾಯೆಂ’ ಎತ್ತಿಕೊಂಡರು. ಮೊದಲನೆಯದು ಆಳಿಸಿಕೊಳ್ಳುವವನು, ಎರಡನೆಯದು ಆಳುವುದರಲ್ಲಿ ಪಾಲು ಇರುವವನು. ನಾವು ಎಸೆಯಲಿಲ್ಲ. ಇದ್ದ ಪ್ರಜೆಗೇ ಹೊಸ ಬಟ್ಟೆ ತೊಡಿಸಿ ‘ಪ್ರಜಾಪ್ರಭುತ್ವ’ ಮಾಡಿಕೊಂಡೆವು. ನಮಗೆ ಅದರಿಂದ ತೊಂದರೆಯಾಗಿಲ್ಲ. ಆದರೆ 1830ರ ಪ್ಯಾರಿಸ್ಸನ್ನು ಕನ್ನಡದಲ್ಲಿ ಹೇಳಹೊರಟವನಿಗೆ ಕೈಯಲ್ಲಿ ಎರಡು ಪದ ಬೇಕು, ಇರೋದು ಒಂದೇ.

‘ಪೌರ’ ಇದೆಯಲ್ಲ ಅನ್ನಬಹುದು. ನನಗೂ ಮೊದಲು ಅದೇ ಆಸೆ ಹುಟ್ಟಿತು. ಪುರದಲ್ಲಿರೋನು ಪೌರ. ಫ್ರೆಂಚಿನ ‘ಸಿತುವಾಯೆಂ’ ಕೂಡ ಊರಿನಿಂದ ಹುಟ್ಟಿದ ಪದ, ‘ಬೂರ್ಜ್ವಾ’ ಕೂಡ ಪೇಟೆಯಿಂದ ಹುಟ್ಟಿದ್ದು. ಲೂಯಿ ಫಿಲಿಪ್‌ನನ್ನು ಜನ ಬೂರ್ಜ್ವಾ ದೊರೆ ಅಂತಲೂ ಕರೆಯುತ್ತಿದ್ದರು. ಒಂದೇ ಕಲ್ಲಿಗೆ ಎರಡು ಹಣ್ಣು. ಆದರೆ ‘ಪೌರ ದೊರೆ’ ಅಂತ ಬರೆದು ಮನೆಯಲ್ಲಿ ಓದಿಸಿದೆ. ‘ಯಾರಿದು, ಪೌರಾಯುಕ್ತರಾ?’ ಅಂತ ಕೇಳಿದರು. ಅಲ್ಲಿಗೆ ಅದೂ ಹೋಯಿತು.

ಒಂದು ಉಪಕಥೆ. ‘ಸಿಟಿಜನ್ ದೊರೆ’ ಅನ್ನೋ ಮಾತು ಕನ್ನಡ ನಾಡಿಗೆ ಪೂರಾ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅಚ್ಚು ಹಾಕಿಸಿದ ಕಾಗದಪತ್ರಗಳಲ್ಲಿ, 1797ರಲ್ಲಿ ಅಲ್ಲಿದ್ದ ಫ್ರೆಂಚರು ಜಾಕೊಬಿನ್ ಕ್ಲಬ್ (ಕ್ರಾಂತಿಯ ಕಟ್ಟಾ ಬೆಂಬಲಿಗರ ಕೂಟ) ಮಾಡಿಕೊಂಡು ಟಿಪ್ಪುವನ್ನು ‘ಸಿಟಿಜನ್ ಟಿಪ್ಪು’ ಅಂತ ಕೊಂಡಾಡಿದ ವಿವರ ಇದೆ. ಇತಿಹಾಸಕಾರರಲ್ಲಿ ಎಲ್ಲರೂ ಇದನ್ನು ಹಾಗೇ ಒಪ್ಪುವುದಿಲ್ಲ, ಬ್ರಿಟಿಷರಿಗೆ ಇದರಿಂದ ಲಾಭ ಇತ್ತು ಅಂತ ತಕರಾರು ಇದೆ. ಹೇಗೇ ಇರಲಿ, ಆ ಕ್ಲಬ್ಬಿನ ಪ್ಯಾರಿಸ್ ಮೂಲದಲ್ಲಿ ಹುಡುಗನಾಗಿದ್ದಾಗಲೇ ಸದಸ್ಯನಾಗಿದ್ದವನು ನಮ್ಮ ಲೂಯಿ ಫಿಲಿಪ್.

ಹೌದು, ಅರಸನ ಮನೆತನದ ಹುಡುಗ ಜಾಕೊಬಿನ್. ಅಪ್ಪ ಅದಕ್ಕಿಂತ ಮುಂದೆ. ಓರ್ಲಿಯನ್ಸ್‌ನ ಡ್ಯೂಕ್ ಅನ್ನೋ ಬಿರುದು ಕಳಚಿ ‘ಎಗಾಲಿತೆ’ ಅಂತ ಅಡ್ಡಹೆಸರು ಇಟ್ಟುಕೊಂಡ. ಸಮಾನತೆ ಅಂತ ಅರ್ಥ. ನಮ್ಮಲ್ಲಿ ಸಮತಾ ಅಂತ ಹುಡುಗಿಯರಿಗೆ ಇಡುತ್ತೇವಲ್ಲ, ಹಾಗೆ. 1793ರ ಜನವರಿಯಲ್ಲಿ ನೆಂಟನೇ ಆದ ಹದಿನಾರನೇ ಲೂಯಿಯನ್ನು ಕೊಲ್ಲಬೇಕು ಅಂತ ಮತ ಹಾಕಿದ. ಅದೇ ವರ್ಷ ನವೆಂಬರಿನಲ್ಲಿ ತಲೆ ಕಡಿಯುವ ಗಿಲೊಟಿನ್ ಯಂತ್ರ ಅವನಿಗೂ ಸಮಾನತೆ ತೋರಿಸಿತು. ಮಗ ಅಷ್ಟು ಹೊತ್ತಿಗೆ ದೇಶ ಬಿಟ್ಟಿದ್ದ. ವಾಲ್ಮಿ, ಜೆಮಾಪ್ ಎರಡೂ ಕಾಳಗಗಳಲ್ಲಿ ಕ್ರಾಂತಿಯ ಪರ ಕಾದಾಡಿದ ಹುಡುಗ, ತನ್ನ ದಂಡನಾಯಕ ದ್ಯುಮೂರಿಯೆ ಜೊತೆ ಶತ್ರುಗಳ ಕಡೆ ದಾಟಿಬಿಟ್ಟ. ಆಮೇಲೆ ಇಪ್ಪತ್ತು ವರ್ಷ ಅಲೆದಾಟ. ಸ್ವಿಟ್ಜರ್ಲೆಂಡಿನ ರೈಖೆನೌ ಶಾಲೆಯಲ್ಲಿ ಸುಳ್ಳು ಹೆಸರಿನಲ್ಲಿ ಮೇಷ್ಟ್ರಾಗಿ ಭೂಗೋಳ, ಲೆಕ್ಕ ಹೇಳಿಕೊಟ್ಟ. ನಾರ್ವೆಯ ತುದಿಯವರೆಗೆ ಹೋಗಿಬಂದ. ಅಮೆರಿಕಕ್ಕೆ ಹೋಗಿ 1797ರಲ್ಲಿ ಜಾರ್ಜ್ ವಾಷಿಂಗ್ಟನ್ ಮನೆಯಲ್ಲಿ ಅತಿಥಿಯಾದ. 1809ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ನೇಪಲ್ಸ್ ಅರಸನ ಮಗಳು ಮರಿಯಾ ಅಮಾಲಿಯಾಳನ್ನು ಮದುವೆಯಾದ. ಹತ್ತು ಮಕ್ಕಳು. ಈ ಭಾಗ ನನ್ನ ಲೇಖನದಲ್ಲಿ ಉದ್ದವಾಗಿದೆ, ಇಲ್ಲಿ ಸಾಕು. ಹೇಳಬೇಕಾದ್ದು ಇಷ್ಟೆ: ‘ಸಿಟಿಜನ್’ ಅನ್ನೋದು ಅವನಿಗೆ ಬರೀ ವೇಷವಾಗಿರಲಿಲ್ಲ. ಸ್ವಲ್ಪ ವೇಷ, ಸ್ವಲ್ಪ ನಿಜ. ಅನುವಾದಿಸುವ ಪದದಲ್ಲಿ ಎರಡಕ್ಕೂ ಜಾಗ ಇರಬೇಕು.

ಈಗ ಕೊಡೆ. ಇದು ನನಗೆ ಅತಿ ಇಷ್ಟವಾದ ಸಮಸ್ಯೆ.

ಲೂಯಿ ಫಿಲಿಪ್ ಅಂದರೆ ಕೊಡೆ. ದೊರೆಯಾದ ಹೊಸದರಲ್ಲಿ ಕಂಕುಳಲ್ಲಿ ಕೊಡೆ ಇರುಕಿಕೊಂಡು ಪ್ಯಾರಿಸ್ಸಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದ, ಸಿಕ್ಕವರ ಕೈ ಕುಲುಕುತ್ತಿದ್ದ. ವ್ಯಂಗ್ಯಚಿತ್ರಕಾರರು ಅದನ್ನು ಬಿಡಲೇ ಇಲ್ಲ. ಅಲ್ಲಿಯವರ ಕಣ್ಣಿಗೆ ಕೊಡೆ ಅಂದರೆ ಅಂಗಡಿ ಇಟ್ಟವನ, ಗುಮಾಸ್ತನ ಸಾಮಾನು. ಗಾಡಿ ಇಲ್ಲದವನು, ಮಳೆಯಲ್ಲಿ ನಡೆಯುವವನು ಕೊಡೆ ಹಿಡಿಯುತ್ತಾನೆ. ದೊರೆಯ ಕೈಯಲ್ಲಿ ಕತ್ತಿ ಇರಬೇಕು.

ಇದನ್ನು ಕನ್ನಡಕ್ಕೆ ತಂದರೆ ಪೂರ್ತಿ ತಲೆಕೆಳಗು! ನಮ್ಮಲ್ಲಿ ಕೊಡೆ ಇದ್ದವನೇ ದೊರೆ. ಬೆಳ್ಗೊಡೆ, ಶ್ವೇತಚ್ಛತ್ರ, ಸತ್ತಿಗೆ, ಚಾಮರ. ಆಳುವವನು ಛತ್ರಪತಿ, ಒಬ್ಬನೇ ಆಳಿದರೆ ಏಕಚ್ಛತ್ರಾಧಿಪತಿ. ‘ಅರಸ ಕೊಡೆಯೊಂದಿಗೆ ಹೊರಟ’ ಅಂತ ಬರೆದರೆ ಕನ್ನಡದ ಓದುಗ ಮೆರವಣಿಗೆ ನೋಡುತ್ತಾನೆ. ನಾನು ಹೇಳಹೊರಟಿದ್ದು ಮೆರವಣಿಗೆ ಇಲ್ಲದ ದೊರೆಯ ಬಗ್ಗೆ. ಒಂದೇ ವಸ್ತು, ಒಂದೇ ಪದ, ಅರ್ಥ ಉಲ್ಟಾ. ವ್ಯತ್ಯಾಸ ಎಲ್ಲಿದೆ ಅಂದರೆ ಕೊಡೆಯಲ್ಲಿ ಅಲ್ಲ, ಹಿಡಿಯೋ ಕೈಯಲ್ಲಿ. ನಮ್ಮ ಅರಸರು ಕೊಡೆ ಹಿಡಿಯುತ್ತಿರಲಿಲ್ಲ, ಹಿಡಿಸಿಕೊಳ್ಳುತ್ತಿದ್ದರು. ಲೂಯಿ ಫಿಲಿಪ್ ತಾನೇ ಹಿಡಿದ. ಆದ್ದರಿಂದ ನಾನು ‘ತನ್ನ ಕೊಡೆ ತಾನೇ ಹಿಡಿದು ನಡೆದ ದೊರೆ’ ಅಂತ ಬರೆದೆ. ಕನ್ನಡದ ಪ್ರೇರಣಾರ್ಥಕ ಕ್ರಿಯಾಪದ ಇಲ್ಲಿ ನನ್ನ ಮಾನ ಉಳಿಸಿತು.

ಅವನ ವಿರೋಧಿಗಳ ಬಾಯಲ್ಲಿ ಹಾಕುವ ಹಾಗೆ ನಮ್ಮಲ್ಲೊಂದು ಗಾದೆಯೂ ಇದೆ: ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿಸಿಕೊಂಡನಂತೆ. ಇವನು ಇದಕ್ಕೆ ವಿರುದ್ಧ. ಐಶ್ವರ್ಯ ಮೊದಲೇ ಇತ್ತು, ಫ್ರಾನ್ಸಿನ ಭಾರಿ ಆಸ್ತಿವಂತರಲ್ಲಿ ಒಬ್ಬ. ಅಲ್ಪನ ಹಾಗೆ ಕಾಣಲು ಕೊಡೆ ಹಿಡಿದ.

ಆಸ್ತಿ ಅಂದಾಗ ‘-ಅರ’ ಪ್ರತ್ಯಯಕ್ಕೆ ವಾಪಸ್ ಬರಬೇಕು. ಫ್ರೆಂಚರ ದೊರೆ ಸರಿ, ಯಾವ ಫ್ರೆಂಚರ? ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಗಂಡಸಿಗೆ ಮಾತ್ರ ಮತ. ಮೂರೂವರೆ ಕೋಟಿ ಜನರಲ್ಲಿ, ಅವನ ಆಳ್ವಿಕೆಯ ಕೊನೆಯ ಹೊತ್ತಿಗೂ, ಮತದಾರರು ಎರಡೂವರೆ ಲಕ್ಷ ಮುಟ್ಟಿರಲಿಲ್ಲ. 1831ರಲ್ಲಿ ಮತ್ತು 1834ರಲ್ಲಿ ಲಿಯೋಂ ಊರಿನ ರೇಷ್ಮೆ ನೇಕಾರರು ಕೂಲಿಗಾಗಿ ಎದ್ದರು, ಸೈನ್ಯ ಬಂತು. ಮತದ ಹಕ್ಕು ಕೇಳಿದವರಿಗೆ ಮಂತ್ರಿ ಗಿಜೋ ಹೇಳಿದ ಮಾತು ‘ಆಂರಿಶಿಸೆ ವು’ ಇವತ್ತಿಗೂ ಕುಖ್ಯಾತ. ಇದನ್ನು ‘ದುಡ್ಡು ಮಾಡಿಕೊಳ್ಳಿ’ ಅಂತ ಅನುವಾದಿಸಿದ್ದು ನೋಡಿದ್ದೇನೆ. ಅನ್ಯಾಯ! ಕನ್ನಡದಲ್ಲಿ ‘ದುಡ್ಡು ಮಾಡಿಕೊಂಡ’ ಅಂದರೆ ಲಂಚದ ವಾಸನೆ. ಗಿಜೋ 1843ರ ಆ ಭಾಷಣದಲ್ಲಿ ಅರಿವು ಬೆಳೆಸಿಕೊಳ್ಳಿ, ಸಿರಿ ಬೆಳೆಸಿಕೊಳ್ಳಿ, ದೇಶದ ಸ್ಥಿತಿ ಸುಧಾರಿಸಿ ಅಂತ ಒಟ್ಟಿಗೆ ಹೇಳಿದ್ದು. ‘ಅನುಕೂಲಸ್ಥರಾಗಿ’ ಅಂತ ನಾನು ಹಾಕಿದ್ದೇನೆ. ನಮ್ಮ ಕಡೆ ‘ಅವರು ಅನುಕೂಲಸ್ಥರು’ ಅಂದರೆ ಹೊಲ ಮನೆ ಇದೆ, ಸಾಲ ಇಲ್ಲ, ಹುಡುಗಿ ಕೊಡಬಹುದು ಅಂತ. ಬೂರ್ಜ್ವಾ ಅನ್ನೋದಕ್ಕೂ ಇದಕ್ಕಿಂತ ಒಳ್ಳೆ ಪದ ನನಗೆ ಹೊಳೆದಿಲ್ಲ. ಎಡಪಂಥೀಯ ಬರಹಗಳಲ್ಲಿ ಬೂರ್ಜ್ವಾ ಬೈಗುಳವಾಗಿ ಹೋಗಿದೆ. ‘ಅನುಕೂಲಸ್ಥರ ದೊರೆ’ ಅಂದರೆ ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಸರಿಯಾಗಿ ಅವನೇ.

ಹಣ್ಣಿನ ವಿಷಯಕ್ಕೆ ನಿಮ್ಮೆಲ್ಲರ ಸಹಾಯ ಬೇಕೇ ಬೇಕು. ಶಾರ್ಲ್ ಫಿಲಿಪೋನ್ ಅನ್ನೋ ಪತ್ರಿಕೆಯವನು ದೊರೆಯ ಮುಖವನ್ನು ಪೇರ್ ಹಣ್ಣಿನ ಹಾಗೆ ಬರೆದ. ಮೇಲೆ ಕಿರಿದು, ಕೆಳಗೆ ದಪ್ಪ, ಇಳಿಬಿದ್ದ ಕೆನ್ನೆ. 1831ರ ನವೆಂಬರಿನಲ್ಲಿ ಕೋರ್ಟಿಗೆ ಎಳೆದರು. ಅಲ್ಲಿ ಅವನು ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ದೊರೆಯ ಮುಖ, ಕೊನೆಯದು ಬರೀ ಹಣ್ಣು, ನಡುವೆ ಎರಡು ಮೆಟ್ಟಿಲು. ಇದರಲ್ಲಿ ಎಲ್ಲಿಂದ ಅಪರಾಧ ಶುರು, ಹಣ್ಣನ್ನೂ ಜೈಲಿಗೆ ಹಾಕುತ್ತೀರಾ ಅನ್ನೋದು ಅವನ ವಾದ. ಶಿಕ್ಷೆ ತಪ್ಪಲಿಲ್ಲ. ಆದರೆ ಆಮೇಲೆ ಊರ ಗೋಡೆಗಳ ಮೇಲೆಲ್ಲ ಮಕ್ಕಳು ಪೇರ್ ಹಣ್ಣು ಗೀಚಿದರು. ದೋಮಿಯೆ ಅನ್ನೋ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಕೂಡ ದೊರೆಯನ್ನು ಚೀಲಗಟ್ಟಲೆ ಹಣ ನುಂಗುವ ದೈತ್ಯನ ಹಾಗೆ ಬರೆದು ಆರು ತಿಂಗಳು ಶಿಕ್ಷೆ ಹೊತ್ತ. 1835ರ ಜುಲೈ 28ರಂದು ಫಿಯೆಸ್ಕಿ ಅನ್ನೋನು 25 ನಳಿಗೆ ಜೋಡಿಸಿದ ಯಂತ್ರದಿಂದ ದೊರೆಯ ಮೇಲೆ ಗುಂಡು ಹಾರಿಸಿದ. ಹದಿನೆಂಟು ಜನ ಸತ್ತರು, ದೊರೆಗೆ ತರಚು ಗಾಯ. ಅದೇ ನೆಪ ಸಾಕಾಯಿತು, ಸೆಪ್ಟೆಂಬರಿನಲ್ಲಿ ವ್ಯಂಗ್ಯಚಿತ್ರಗಳಿಗೆ ಬೀಗ ಬಿತ್ತು.

‘ಪೇರಲ’ ಅಂತ ಬರೆದರೆ ಧಾರವಾಡದ ಕಡೆಯವರು ಯಾವ ಹಣ್ಣು ನೆನೆಯುತ್ತಾರೆ? ಮೈಸೂರಿನವರ ಸೀಬೆ, ಇನ್ನು ಕೆಲವರ ಚೇಪೆ. ಮಂಗಳೂರಿನವರಿಗೂ ಪೇರಳೆ ಅಂದರೆ ಅದೇ. ಮೋಜಿನ ವಿಷಯ ಏನೆಂದರೆ ಪೋರ್ಚುಗೀಸಿನ ‘ಪೇರಾ’ ಅಂದರೆ ಪೇರ್ ಹಣ್ಣೇ. ಹೆಸರು ಹಡಗಿನಲ್ಲಿ ಬಂದು, ಇಳಿದು, ಬೇರೆ ಹಣ್ಣಿನ ಮೇಲೆ ಕೂತಿತು. ನಿಘಂಟಿನ ‘ಮರಸೇಬು’ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ‘ಪೇರ್ ಹಣ್ಣು’ ಅಂತಲೇ ಬರೆದು, ಸರ್ಕಾರದ ಪೇಚಾಟಕ್ಕೆ ನಮ್ಮದೇ ಮಾತು ಜೋಡಿಸಿದೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಣ್ಣಿನ ಚಿತ್ರಕ್ಕೆ ಕೇಸು ಹಾಕಿದವನು ಹೆಗಲು ಮುಟ್ಟಿಕೊಂಡ ಹಾಗೇ ಅಲ್ವಾ? ನಿಮ್ಮ ಕಡೆ ಪೇರ್ ಹಣ್ಣಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಕೊನೆಗೆ 1848. ಅದಕ್ಕೆ ಮುಂಚಿನ ವರ್ಷಗಳಲ್ಲಿ ಬೆಳೆ ಕೆಟ್ಟು ಧಾನ್ಯದ ಬೆಲೆ ಏರಿತ್ತು. ಸಭೆಗೆ ನಿಷೇಧ ಇದ್ದುದರಿಂದ ವಿರೋಧಿಗಳು ಔತಣಕೂಟದ ಹೆಸರಲ್ಲಿ ಸೇರುತ್ತಿದ್ದರು. ಫೆಬ್ರವರಿ 22ರ ಕೂಟವನ್ನು ನಿಲ್ಲಿಸಿದರು. 23ಕ್ಕೆ ಗಿಜೋ ಹೋದ, ಅದೇ ರಾತ್ರಿ ಸೈನಿಕರ ಗುಂಡಿಗೆ ಜನ ಬಿದ್ದರು. 24ಕ್ಕೆ ದೊರೆ ಒಂಬತ್ತು ವರ್ಷದ ಮೊಮ್ಮಗನ ಹೆಸರಿಗೆ ಪಟ್ಟ ಬಿಟ್ಟ. ಹಿರಿಯ ಮಗ 1842ರಲ್ಲೇ ಗಾಡಿಯ ಅಪಘಾತದಲ್ಲಿ ತೀರಿಕೊಂಡಿದ್ದ. ಮೊಮ್ಮಗನನ್ನು ಯಾರೂ ಕೇಳಲಿಲ್ಲ, ಗಣರಾಜ್ಯ ಬಂತು. ‘ಸಿಂಹಾಸನ ತ್ಯಾಗ’ ಅನ್ನೋ ಪದ ಇಲ್ಲಿ ಬಳಸಲು ನನಗೆ ಮನಸ್ಸಿಲ್ಲ. ತ್ಯಾಗ ಅಂದರೆ ಗೆದ್ದು ಬಿಟ್ಟ ಬಾಹುಬಲಿ. ಇವನು ಗಲ್ಲದ ಕೂದಲು ಬೋಳಿಸಿ, ವೇಷ ಮರೆಸಿ ಹಿಂಬಾಗಿಲಿಂದ ಹೋದವನು. ‘ಪಟ್ಟ ಬಿಟ್ಟುಕೊಟ್ಟ’ ಸಾಕು.

ಓಡುವಾಗ ಹೆಸರು ‘ಮಿಸ್ಟರ್ ಸ್ಮಿತ್’. ಲೆ ಹಾವ್ರ್ ಬಂದರಿನಲ್ಲಿ ಬ್ರಿಟಿಷ್ ಕಾನ್ಸಲ್ ಅವನನ್ನು ತನ್ನ ಅಂಕಲ್ ಅಂತ ಕರೆದು ಹಡಗು ಹತ್ತಿಸಿದ. ಇಲ್ಲಿ ಅಂಕಲ್ ಯಾರು? ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ? ಸುಳ್ಳು ಸಂಬಂಧಕ್ಕೂ ಕನ್ನಡದಲ್ಲಿ ಸರಿಯಾದ ಸಂಬಂಧ ಬೇಕು! 74 ವರ್ಷದವನು, ‘ದೊಡ್ಡಪ್ಪ’ ಇರಲಿ ಅಂತ ಹಾಕಿದ್ದೇನೆ. ಮಾರ್ಚ್ 3ರಂದು ನ್ಯೂಹೇವನ್ ತಲುಪಿದ. ಕ್ಲೇರ್‌ಮಾಂಟ್ ಅನ್ನೋ ಮನೆಯಲ್ಲಿ ಎರಡು ವರ್ಷ ಇದ್ದು 1850ರ ಆಗಸ್ಟ್ 26ಕ್ಕೆ ತೀರಿಕೊಂಡ.

ಇಂಗ್ಲೆಂಡಿನಲ್ಲಿ ಅವನು ಇಟ್ಟುಕೊಂಡ ಬಿರುದು ‘ನ್ಯೂಯಿಯ ಕೌಂಟ್’. ನ್ಯೂಯಿ ಪ್ಯಾರಿಸ್ ಪಕ್ಕದಲ್ಲಿ ಅವನ ಅರಮನೆ ಇದ್ದ ಊರು. ಅವನು ಓಡಿದ ಮರುದಿನವೇ ಜನ ಅದನ್ನು ಲೂಟಿ ಮಾಡಿ ಸುಟ್ಟಿದ್ದರು. ಜನರ ದೊರೆಯಾಗಿದ್ದವನು ಕೊನೆಗೆ ಒಂದು ಊರಿನ ಹೆಸರಿಗೆ ವಾಪಸ್ ಬಂದ, ‘-ಅರ’ದಿಂದ ‘-ಅ’ಕ್ಕೆ. ಇಲ್ಲಿ ‘ಕೌಂಟ್’ ಹಾಗೇ ಬಿಡಲೋ, ‘ಜಹಗೀರುದಾರ’ ಅನ್ನಲೋ? ಜಹಗೀರು ಬೂದಿಯಾದವನನ್ನು ಜಹಗೀರುದಾರ ಅನ್ನಬಹುದಾ? ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಅಂದಿದ್ದಾರೆ. ಅಷ್ಟರೊಳಗೆ ಯಾರಾದರೂ ಹೇಳಿ.